ನೈಟ್ರೋ ಆರ್‌ಸಿ ಕಾರಿನ ಇಂಜಿನ್: ಸ್ಕ್ರೂ ತಿರುಗಿಸುವ ಮೊದಲು ಭಾಗಗಳನ್ನು ತಿಳಿಯೋಣ

ಹೊಸ ನೈಟ್ರೋ ಕಾರು, ಅಂದರೆ ನೈಟ್ರೋ ಇಂಧನದಲ್ಲಿ ಓಡುವ ರಿಮೋಟ್ ಕಂಟ್ರೋಲ್ (ಆರ್‌ಸಿ) ಪುಟ್ಟ ಕಾರು, ಮನೆಗೆ ಬಂದರೆ ಕೈ ತಾನಾಗಿ ಸ್ಕ್ರೂಡ್ರೈವರ್ ಕಡೆ ಹೋಗುತ್ತದೆ. ಕಾರ್ಬ್ಯುರೇಟರಿನಲ್ಲಿ ಮೂರು ಸ್ಕ್ರೂ ಕಾಣುತ್ತವೆ. ಒಬ್ಬರು "ಸ್ವಲ್ಪ ಲೀನ್ ಮಾಡಿ" (ಇಂಧನ ಕಡಿಮೆ ಮಾಡಿ) ಅನ್ನುತ್ತಾರೆ. ಪಕ್ಕದವರು "ಬೇಡ ಬೇಡ, ರಿಚ್ (ಇಂಧನ ಜಾಸ್ತಿ) ಇರಲಿ, ಮೊದಲು ಪ್ಲಗ್ ನೋಡಿ" ಅನ್ನುತ್ತಾರೆ. ಯಾವ ಸ್ಕ್ರೂ, ಯಾವ ಕಡೆ, ಎಷ್ಟು ಅಂತ ಗೊತ್ತಿಲ್ಲದೆ ತಿರುಗಿಸಿದರೆ ಒಳ್ಳೆಯ ಇಂಜಿನ್ ಒಂದೇ ಟ್ಯಾಂಕ್ ಇಂಧನಕ್ಕೆ ಹಾಳಾಗಬಹುದು.

ಈ ಇಂಜಿನ್ ಕಲಿಯಲು ಸುಲಭದ ದಾರಿ ಅಂದರೆ ಇಂಧನ ಹೋಗುವ ದಾರಿಯಲ್ಲೇ ನಾವೂ ಹೋಗುವುದು. ಟ್ಯಾಂಕಿನಿಂದ ಹೊರಟು ಪೈಪಿನ ತುದಿ ತನಕ. ಹಳೆಯ ಪೇಪರ್ ಹಾಸಿ, ಕಾರಿನ ಬಾಡಿ ತೆಗೆದು ಮುಂದಿಟ್ಟುಕೊಂಡು ಓದಿ. ಪ್ರತಿ ಭಾಗವನ್ನೂ ಬೆರಳಲ್ಲಿ ಮುಟ್ಟಿ ಗುರುತಿಸಿ.

ಮೊದಲು ಇಂಜಿನ್ ಸೈಜ್ ನೋಡಿ

ಇಂಜಿನ್ ಮೇಲೆ ಅಥವಾ ಪೆಟ್ಟಿಗೆ ಮೇಲೆ .12, .15, .18, .21, .28 ಅಂತ ಒಂದು ಸಂಖ್ಯೆ ಇರುತ್ತದೆ. ಅದು ಕ್ಯೂಬಿಕ್ ಇಂಚಿನಲ್ಲಿ ಇಂಜಿನ್ನಿನ ಗಾತ್ರ. ಒಂದು ಕ್ಯೂಬಿಕ್ ಇಂಚು ಅಂದರೆ 16.39 ಸಿಸಿ. ಹಾಗಾಗಿ .18 ಅಂದರೆ ಸುಮಾರು 3 ಸಿಸಿ, .21 ಅಂದರೆ ಸುಮಾರು 3.5 ಸಿಸಿ. ನಮ್ಮಲ್ಲಿ ಹೊಸಬರ ಕೈಗೆ ಹೆಚ್ಚಾಗಿ ಸಿಗುವ ಎಚ್‌ಎಸ್‌ಪಿ ಕಂಪನಿಯಂಥ 1/10 ಅಳತೆಯ ಕಾರುಗಳಲ್ಲಿ .18 ಇಂಜಿನ್ ಸಾಮಾನ್ಯ. 1/8 ಬಗ್ಗಿಗಳಲ್ಲಿ .21 ಇರುತ್ತದೆ. ಟ್ರ್ಯಾಕ್ಸಾಸ್‌ನಂಥ ಕೆಲವು ಕಂಪನಿಗಳು 2.5, 3.3 ಅಂತ ನೇರ ಸಿಸಿಯಲ್ಲೇ ಹೆಸರಿಡುತ್ತವೆ.

ಇವೆಲ್ಲ ಟು-ಸ್ಟ್ರೋಕ್ ಇಂಜಿನ್‌ಗಳು. ಆರ್‌ಎಕ್ಸ್ 100 ಅಥವಾ ಮೈಸೂರಿನ ಯೆಜ್ಡಿ ಬಿಚ್ಚಿ ನೋಡಿದವರಿಗೆ ಅರ್ಧ ಪಾಠ ಆಗಲೇ ಆಗಿದೆ. ಇಲ್ಲೂ ಸಿಲಿಂಡರ್ ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಇಲ್ಲೂ ಎಣ್ಣೆ ಇಂಧನದ ಜೊತೆಗೇ ಬರುತ್ತದೆ. ಆದರೆ ಆ ಬೈಕುಗಳಲ್ಲಿರುವ ಸ್ಪಾರ್ಕ್, ಕಾಯಿಲ್, ಪಿಸ್ಟನ್ ರಿಂಗ್ ಇಲ್ಲಿ ಇಲ್ಲ. ಜೊತೆಗೆ ಇಂಥ ಇಂಜಿನ್‌ಗಳಲ್ಲಿ ಕೆಲವು ನಿಮಿಷಕ್ಕೆ 30,000 ಸುತ್ತು ದಾಟಿ ತಿರುಗುತ್ತವೆ.

ಇಂಧನ ಮತ್ತು ಟ್ಯಾಂಕ್

ನೈಟ್ರೋ ಇಂಧನದಲ್ಲಿ ಹೆಚ್ಚಿನ ಪಾಲು ಮೆಥನಾಲ್. ಜೊತೆಗೆ ನೈಟ್ರೋಮೀಥೇನ್ ಮತ್ತು ಎಣ್ಣೆ. ಡಬ್ಬಿ ಮೇಲೆ ಶೇ. 16, 20, 25 ಅಂತ ಬರೆದಿರುವುದು ನೈಟ್ರೋಮೀಥೇನ್ ಪ್ರಮಾಣ. ಅದು ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ, ಅಷ್ಟೇ ಗಾಳಿಯಲ್ಲಿ ಜಾಸ್ತಿ ಇಂಧನ ಉರಿಸಬಹುದು. ಶಕ್ತಿ ಬರುವುದು ಅಲ್ಲಿಂದ.

ಎಣ್ಣೆಯಲ್ಲಿ ಹರಳೆಣ್ಣೆ ಇರುತ್ತದೆ, ಇಲ್ಲವೇ ಸಿಂಥೆಟಿಕ್, ಅಥವಾ ಎರಡೂ. ಹರಳೆಣ್ಣೆ ಮೆಥನಾಲಿನಲ್ಲಿ ಕರಗುತ್ತದೆ. ಪೆಟ್ರೋಲಿಯಂ ಎಣ್ಣೆ ಕರಗುವುದಿಲ್ಲ. ಅದಕ್ಕೇ ಬೈಕಿನ 2ಟಿ ಆಯಿಲ್ ಇಲ್ಲಿ ನಡೆಯಲ್ಲ. ಅಂಗಡಿಯ ಮಾಮೂಲಿ ಹರಳೆಣ್ಣೆ ತಂದು ಮನೆಯಲ್ಲಿ ಬೆರೆಸುವ ಸಾಹಸವೂ ಬೇಡ. ಅದರ ಅಂಟು ಪಿಸ್ಟನ್ ಮೇಲೆ ಕೂರುತ್ತದೆ. ಕಾರಿನ ಇಂಧನ ಅಂತ ಬರೆದಿರುವ ಡಬ್ಬಿಯನ್ನೇ ಕೊಳ್ಳಿ. ಹೊಸಬರು ಶೇ. 16ರಿಂದ 20 ನೈಟ್ರೋದಲ್ಲಿ ಇದ್ದರೆ ಸಾಕು.

ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಚರ್ಮದ ಮೂಲಕವೂ ಒಳಗೆ ಸೇರುತ್ತದೆ. ಅದರ ಉರಿ ಬಿಸಿಲಿನಲ್ಲಿ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕೈಗವಸು ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ನೀರಿನ ಬಾಟಲಿಯಲ್ಲಂತೂ ತುಂಬಿಡಲೇಬೇಡಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ.

ಇನ್ನೊಂದು ಮಾತು. ಮೆಥನಾಲ್ ಗಾಳಿಯ ತೇವ ಹೀರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟ ಡಬ್ಬಿ ಕೆಲವೇ ವಾರಗಳಲ್ಲಿ ಕೆಟ್ಟರೆ ಆಶ್ಚರ್ಯ ಇಲ್ಲ. ನಿನ್ನೆ ಸರಿಯಿದ್ದ ಇಂಜಿನ್ ಇವತ್ತು ಟ್ಯೂನ್ ನಿಲ್ಲುತ್ತಿಲ್ಲ ಅಂದರೆ ಮೊದಲ ಅನುಮಾನ ಇಂಧನದ ಮೇಲಿರಲಿ.

ಟ್ಯಾಂಕಿಗೆ ಎರಡು ಸಿಲಿಕೋನ್ ಟ್ಯೂಬ್ ಸೇರುತ್ತವೆ. ಒಂದು ಕಾರ್ಬ್ಯುರೇಟರಿಗೆ ಹೋಗುವ ಫ್ಯೂಯಲ್ ಲೈನ್. ಇನ್ನೊಂದು ಎಕ್ಸಾಸ್ಟ್ ಪೈಪಿನಿಂದ ಬರುವ ಪ್ರೆಶರ್ ಲೈನ್. ಇದರಲ್ಲಿ ಪಂಪ್ ಇಲ್ಲ. ಎಕ್ಸಾಸ್ಟಿನ ಒತ್ತಡವೇ ಟ್ಯಾಂಕಿನೊಳಗೆ ಬಂದು ಇಂಧನವನ್ನು ಕಾರ್ಬ್ಯುರೇಟರಿಗೆ ತಳ್ಳುತ್ತದೆ. ಟ್ಯಾಂಕ್ ಮುಚ್ಚಳದ ಓ-ರಿಂಗ್ (ರಬ್ಬರ್ ಉಂಗುರ) ಹರಿದಿದ್ದರೂ ಇಂಜಿನ್ ಹದ ತಪ್ಪುವುದು ಇದೇ ಕಾರಣಕ್ಕೆ.

ಕಾರ್ಬ್ಯುರೇಟರ್: ಮೂರು ಸ್ಕ್ರೂ, ಮೂರು ಕೆಲಸ

ಮೇಲೆ ಕೂತಿರುವುದು ಏರ್ ಫಿಲ್ಟರ್. ಒಳಗಿನ ಫೋಮಿಗೆ ಫಿಲ್ಟರ್ ಆಯಿಲ್ ಹಾಕಿ ಹಿಂಡಿರಬೇಕು. ನಮ್ಮ ಮೈದಾನಗಳ ಕೆಂಪು ಧೂಳು ಒಣ ಫೋಮನ್ನು ದಾಟಿ ಒಳಗೆ ಹೋಗುತ್ತದೆ. ಒಮ್ಮೆ ಒಳಗೆ ಹೋದರೆ ಪಿಸ್ಟನ್ನಿಗೆ ಅದು ಉಪ್ಪುಕಾಗದವೇ.

ಫಿಲ್ಟರ್ ತೆಗೆದರೆ ಕಾಣುವ ತೂತು ವೆಂಚುರಿ. ಸರ್ವೋ (ರಿಮೋಟ್ ಹೇಳಿದಂತೆ ತಿರುಗುವ ಪುಟ್ಟ ಮೋಟಾರ್) ಕಡ್ಡಿ ಎಳೆದಾಗ ಒಳಗೆ ಹಿಂದೆಮುಂದೆ ಸರಿಯುವ ಸಿಲಿಂಡರಿನಂಥ ಭಾಗ ಸ್ಲೈಡ್. ಕೆಲವು ಕಾರ್ಬ್ಯುರೇಟರುಗಳಲ್ಲಿ ಅದು ಸರಿಯುವ ಬದಲು ತಿರುಗುತ್ತದೆ, ಅವು ರೋಟರಿ. ಈಗ ಸ್ಕ್ರೂಗಳು.

ಐಡಲ್ ಸ್ಕ್ರೂ: ಥ್ರಾಟಲ್ ಬಿಟ್ಟಾಗ ಸ್ಲೈಡ್ ಎಷ್ಟು ತೆರೆದಿರಬೇಕು ಅಂತ ಹಿಡಿದಿಡುತ್ತದೆ. ಇದು ಗಾಳಿಯ ಕಿಂಡಿಗೆ ಸೇರಿದ್ದು. ಇಂಧನದ ಹದ ಇದರ ಕೆಲಸ ಅಲ್ಲ. ಫಿಲ್ಟರ್ ತೆಗೆದು ಮೇಲಿಂದ ನೋಡಿದರೆ ಅರ್ಧದಿಂದ 1 ಮಿ.ಮೀ.ನಷ್ಟು ಬಿರುಕು ಕಾಣಬೇಕು. ಅದಕ್ಕೆ ಐಡಲ್ ಗ್ಯಾಪ್ ಅನ್ನುತ್ತಾರೆ.

ಹೈ ಸ್ಪೀಡ್ ನೀಡಲ್: ಸಾಮಾನ್ಯವಾಗಿ ಫ್ಯೂಯಲ್ ಲೈನ್ ಸೇರುವ ಹಿತ್ತಾಳೆಯ ಎತ್ತರದ ಗೂಡಿನ ತುದಿಯಲ್ಲಿ ಇರುತ್ತದೆ. ಜನ ಇದನ್ನು ಬರೀ "ಟಾಪ್" ಅಥವಾ "ಮೇನ್ ನೀಡಲ್" ಅಂತಲೂ ಕರೆಯುತ್ತಾರೆ. ಇಂಧನವೆಲ್ಲ ಮೊದಲು ಇದರ ಮೂಲಕವೇ ಬರುತ್ತದೆ. ಅದಕ್ಕೇ ಇದನ್ನು ಬದಲಿಸಿದರೆ ಐಡಲ್ ಕೂಡ ಬದಲಾಗುತ್ತದೆ.

ಲೋ ಸ್ಪೀಡ್ ನೀಡಲ್: ಸ್ಲೈಡಿನ ಒಂದು ತುದಿಯಲ್ಲಿ, ಹೆಚ್ಚಾಗಿ ಥ್ರಾಟಲ್ ತೋಳಿನ ಹತ್ತಿರ. ನಿಂತ ಕಾರು ಹೊರಡುವಾಗಿನ ಹದ ಇದರ ಕೈಯಲ್ಲಿದೆ.

ಎರಡೂ ನೀಡಲ್‌ಗಳಿಗೆ ಒಂದೇ ನಿಯಮ. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಇಂಧನ ಕಡಿಮೆ, ಅಂದರೆ ಲೀನ್. ಎದುರು ದಿಕ್ಕಿಗೆ ತಿರುಗಿಸಿದರೆ ಇಂಧನ ಜಾಸ್ತಿ, ಅಂದರೆ ರಿಚ್. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಸಾಕು. ಪೂರ್ತಿ ಒಳಗೆ ಬಿಗಿದು ಅದುಮಿದರೆ ನೀಡಲ್ ತುದಿ ಹಾಳಾಗುತ್ತದೆ. ತಿರುಗಿಸುವ ಮೊದಲು ಈಗಿನ ಸ್ಥಾನವನ್ನು ಪರ್ಮನೆಂಟ್ ಮಾರ್ಕರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಕ್ರ್ಯಾಂಕ್‌ಕೇಸಿನ ಒಳಗೆ

ಕಾರ್ಬ್ಯುರೇಟರ್ ಕೂತಿರುವ ಬೂದು ಬಣ್ಣದ ಎರಕದ ಮೈಯೇ ಕ್ರ್ಯಾಂಕ್‌ಕೇಸ್. ಅದರ ಒಳಗೆ ಉದ್ದಕ್ಕೆ ಮಲಗಿರುವುದು ಕ್ರ್ಯಾಂಕ್‌ಶಾಫ್ಟ್. ಈ ಶಾಫ್ಟ್ ಒಳಗೆ ಟೊಳ್ಳು, ಮೈಯಲ್ಲಿ ಒಂದು ಕಿಂಡಿ. ಶಾಫ್ಟ್ ತಿರುಗುತ್ತಾ ಆ ಕಿಂಡಿ ಕಾರ್ಬ್ಯುರೇಟರಿನ ಕೆಳಗೆ ಬಂದಾಗ ಗಾಳಿ-ಇಂಧನದ ಮಿಶ್ರಣ ಒಳಗೆ ನುಗ್ಗುತ್ತದೆ. ವಾಲ್ವ್ ಇಲ್ಲದೆಯೇ ವಾಲ್ವಿನ ಕೆಲಸ ಆಗುವುದು ಹೀಗೆ. ಇದನ್ನು ಮಾಡಿದವರ ತಲೆಗೆ ಸಲಾಂ ಅನ್ನಲೇಬೇಕು.

ಶಾಫ್ಟನ್ನು ಎರಡು ಬೇರಿಂಗ್ ಹಿಡಿದಿವೆ, ಮುಂದೊಂದು ಹಿಂದೊಂದು. ಶಾಫ್ಟಿನ ಹಿಂದಿನ ತುದಿಯ ಪಿನ್ನಿಗೆ ಕನೆಕ್ಟಿಂಗ್ ರಾಡ್ ಸಿಕ್ಕಿಸಿರುತ್ತದೆ. ರಾಡಿನ ಇನ್ನೊಂದು ತುದಿ ರಿಸ್ಟ್ ಪಿನ್ ಮೂಲಕ ಪಿಸ್ಟನ್ನಿಗೆ ಸೇರುತ್ತದೆ. ಹಿಂಬದಿ ಮುಚ್ಚುವ ತಟ್ಟೆ ಬ್ಯಾಕ್ ಪ್ಲೇಟ್. ದಾರ ಎಳೆದು ಸ್ಟಾರ್ಟ್ ಮಾಡುವ ಪುಲ್ ಸ್ಟಾರ್ಟರ್ ಅಲ್ಲೇ ಕೂತಿರುತ್ತದೆ, ಅದರೊಳಗೆ ಒಂದೇ ಕಡೆ ಹಿಡಿಯುವ ಒನ್-ವೇ ಬೇರಿಂಗ್. ದಾರವನ್ನು ಗೇಣುದ್ದದಷ್ಟು ಚುರುಕಾಗಿ ಎಳೆಯಿರಿ. ಕೊನೆ ತನಕ ಎಳೆದರೆ ಕಿತ್ತು ಬರುತ್ತದೆ.

ಮುಂದಿನ ತುದಿಯಲ್ಲಿ ಫ್ಲೈವೀಲ್. ಅದರ ಮೇಲೆ ಕ್ಲಚ್ ಶೂ ಮತ್ತು ಸ್ಪ್ರಿಂಗ್. ಅದನ್ನು ಮುಚ್ಚಿದಂತೆ ಹಲ್ಲಿರುವ ಕ್ಲಚ್ ಬೆಲ್. ಸುತ್ತು ಏರಿದಾಗ ಶೂಗಳು ಹೊರಕ್ಕೆ ಹರಡಿ ಬೆಲ್ ಹಿಡಿಯುತ್ತವೆ, ಕಾರು ಹೊರಡುತ್ತದೆ. ಥ್ರಾಟಲ್ ಬಿಟ್ಟರೂ ಕಾರು ತೆವಳುತ್ತಿದ್ದರೆ ಐಡಲ್ ಜಾಸ್ತಿ ಇದೆ, ಇಲ್ಲವೇ ಕ್ಲಚ್ ಸ್ಪ್ರಿಂಗ್ ಹೋಗಿದೆ.

ಪಿಸ್ಟನ್, ಸ್ಲೀವ್ ಮತ್ತು ಪಿಂಚ್

ಎಲ್ಲಕ್ಕಿಂತ ಮುಖ್ಯವಾದ ಜಾಗ ಇದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪಿಸ್ಟನ್ ಓಡಾಡುವ ಕೊಳವೆಯೇ ಸ್ಲೀವ್. ಅದರ ಗೋಡೆಯಲ್ಲಿ ಕೊರೆದ ಕಿಂಡಿಗಳು ಪೋರ್ಟ್‌ಗಳು. ಪಿಸ್ಟನ್ ಕೆಳಗಿಳಿಯುವಾಗ ಕ್ರ್ಯಾಂಕ್‌ಕೇಸಿನಲ್ಲಿದ್ದ ಮಿಶ್ರಣ ಒತ್ತಿಹೋಗಿ, ಟ್ರಾನ್ಸ್‌ಫರ್ ಪೋರ್ಟ್ ಮೂಲಕ ಪಿಸ್ಟನ್ನಿನ ಮೇಲಕ್ಕೆ ಬರುತ್ತದೆ. ಸುಟ್ಟ ಹೊಗೆ ಎಕ್ಸಾಸ್ಟ್ ಪೋರ್ಟ್ ಮೂಲಕ ಹೊರಗೆ. "3 ಪೋರ್ಟ್", "5 ಪೋರ್ಟ್", "7 ಪೋರ್ಟ್" ಅಂತ ಜಾಹೀರಾತಿನಲ್ಲಿ ಕಾಣುವುದು ಈ ಕಿಂಡಿಗಳ ಲೆಕ್ಕ.

ಎಬಿಸಿ ಅಂದರೆ ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆಯ ಸ್ಲೀವ್, ಅದರ ಮೇಲೆ ಕ್ರೋಮ್ ಲೇಪ. ಕ್ರೋಮ್ ಬದಲು ನಿಕ್ಕಲ್ ಇದ್ದರೆ ಎಬಿಎನ್. ಸ್ಲೀವ್ ಕೂಡ ಅಲ್ಯೂಮಿನಿಯಂ ಆದರೆ ಎಎಸಿ. ಯಾವುದರಲ್ಲೂ ರಿಂಗ್ ಇಲ್ಲ. ಹಾಗಾದರೆ ಕಂಪ್ರೆಶನ್, ಅಂದರೆ ಪಿಸ್ಟನ್ ಮೇಲಿನ ಮಿಶ್ರಣದ ಒತ್ತಡ, ಸೋರದೆ ಉಳಿಯುವುದು ಹೇಗೆ?

ಇಂಜಿನ್ನಿನ ನೆತ್ತಿಯಲ್ಲಿ, ಇಂಧನ ಹೊತ್ತಿಸಲು ಇರುವ ಗ್ಲೋ ಪ್ಲಗ್ ಬಿಚ್ಚಿ, ಫ್ಲೈವೀಲನ್ನು ಹೆಬ್ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ ನೋಡಿ. ಕೆಳಗೆ ಸಲೀಸಾಗಿ ಹೋಗುತ್ತದೆ. ಮೇಲೆ ಬರುತ್ತಾ ಬರುತ್ತಾ ಬಿಗಿಯಾಗುತ್ತದೆ. ತೀರಾ ಮೇಲೆ, ಟಾಪ್ ಡೆಡ್ ಸೆಂಟರಿನ ಹತ್ತಿರ, ಹೊಸ ಇಂಜಿನ್ ಆದರೆ ಹಿಡಿದು ನಿಂತೇಬಿಡುತ್ತದೆ. ಇನ್ನೊಂದಿಷ್ಟು ಒತ್ತಿದರೆ ಕಿರ್ ಅಂತ ಸಣ್ಣ ಸದ್ದು ಮಾಡಿ ದಾಟುತ್ತದೆ. ಆ ಹಿಡಿತವೇ ಪಿಂಚ್. ಸ್ಲೀವಿನ ಮೇಲ್ಭಾಗವನ್ನು ಬೇಕೆಂದೇ ಕೂದಲೆಳೆಯಷ್ಟು ಕಿರಿದು ಮಾಡಿರುತ್ತಾರೆ. ಓಡುವಾಗ ಅಲ್ಲೇ ಅತಿ ಬಿಸಿ. ಬಿಸಿಗೆ ಅದು ಹಿಗ್ಗಿ ಪಿಸ್ಟನ್ನಿಗೆ ಸರಿಯಾದ ಅಳತೆಗೆ ಬರುತ್ತದೆ. ತಣ್ಣಗಿದ್ದಾಗ ಬಿಗಿ, ಬಿಸಿಯಾದಾಗ ಹದ.

ಇದು ಅರ್ಥವಾದರೆ ಹಲವು ಸಲಹೆಗಳು ತಾವಾಗಿಯೇ ಅರ್ಥವಾಗುತ್ತವೆ. ಹೊಸ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ಅನ್ನುವುದು ಯಾಕೆ? ತಣ್ಣನೆಯ ಬಿಗಿಯಲ್ಲಿ ದಾರ ಎಳೆದರೆ ರಾಡಿಗೂ ಪೆಟ್ಟು, ಪಿಂಚಿಗೂ ಪೆಟ್ಟು. ಇಂಜಿನ್ ನಿಲ್ಲಿಸಿದ ಮೇಲೆ ಪಿಸ್ಟನ್ ಕೆಳಗಿರಲಿ ಅನ್ನುವುದು ಯಾಕೆ? ಮೇಲಿದ್ದಾಗ ತಣ್ಣಗಾದರೆ ಸ್ಲೀವ್ ಪಿಸ್ಟನ್ ಸುತ್ತಲೇ ಕುಗ್ಗುತ್ತದೆ. ಹಳೆಯ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಆಫ್ ಆಗಿ ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುವುದು ಯಾಕೆ? ಪಿಂಚ್ ಸವೆದಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಈ ಹೆಬ್ಬೆರಳ ಪರೀಕ್ಷೆ ಮಾಡಿ. ಬಾಡಿ ಮೇಲಿನ ಗೀರು ಆಮೇಲೆ ನೋಡಿದರೆ ಆಯಿತು.

ಬ್ರೇಕ್-ಇನ್ ಅನ್ನುವುದು ಈ ಪಿಸ್ಟನ್ ಮತ್ತು ಸ್ಲೀವ್ ಒಂದಕ್ಕೊಂದು ಹೊಂದಿಕೊಳ್ಳಲು ಕೊಡುವ ಸಮಯ. ಮೊದಲ ಐದಾರು ಟ್ಯಾಂಕ್ ರಿಚ್ ಆಗಿಯೇ ಓಡಿಸಿ. ಎರಡು ಮೂರು ನಿಮಿಷ ಓಡಿಸುವುದು, ಪೂರ್ತಿ ತಣ್ಣಗಾಗಲು ಬಿಡುವುದು, ಮತ್ತೆ ಓಡಿಸುವುದು. ಆದರೆ ರಿಚ್ ಅಂತ ಹೇಳಿ ತಣ್ಣಗೇ ಓಡಿಸಬೇಡಿ. ಹೆಡ್ (ಇಂಜಿನ್ನಿನ ಮೇಲಿನ ರೆಕ್ಕೆಯ ಭಾಗ) 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರಬೇಕು. ಬರದಿದ್ದರೆ ಹೆಡ್ಡಿಗೆ ಸ್ವಲ್ಪ ಅಲ್ಯೂಮಿನಿಯಂ ಫಾಯಿಲ್ ಸುತ್ತಿ.

ಹೆಡ್ ಮತ್ತು ಗ್ಲೋ ಪ್ಲಗ್

ಮೇಲೆ ರೆಕ್ಕೆಗಳಿರುವುದು ಕೂಲಿಂಗ್ ಹೆಡ್. ಅದರಡಿ ಹೆಡ್ ಬಟನ್, ಅದರಡಿ ಶಿಮ್‌ಗಳು, ಅಂದರೆ ತೆಳು ತಗಡಿನ ಉಂಗುರಗಳು. ಶಿಮ್ ತೆಗೆದರೆ ಕಂಪ್ರೆಶನ್ ಏರುತ್ತದೆ, ಸೇರಿಸಿದರೆ ಇಳಿಯುತ್ತದೆ. ಹೊಸಬರು ಇದನ್ನು ಮುಟ್ಟುವ ಅಗತ್ಯ ಇಲ್ಲ.

ನಡುವೆ ಗ್ಲೋ ಪ್ಲಗ್. ಅದರ ಒಳಗಿನ ಸುರುಳಿ ಪ್ಲಾಟಿನಂ ಬೆರೆತ ತಂತಿ. ಸ್ಟಾರ್ಟ್ ಮಾಡುವಾಗ ಇಗ್ನೈಟರಿನಿಂದ (ಪ್ಲಗ್ ಮೇಲೆ ಸಿಕ್ಕಿಸುವ ಬ್ಯಾಟರಿ ಕಡ್ಡಿ) 1.2ರಿಂದ 1.5 ವೋಲ್ಟ್ ಕೊಟ್ಟರೆ ಅದು ಕೆಂಡವಾಗುತ್ತದೆ. ಇಂಜಿನ್ ಹಿಡಿದ ಮೇಲೆ ಇಗ್ನೈಟರ್ ತೆಗೆದರೂ ಕೆಂಡ ಆರುವುದಿಲ್ಲ. ಉರಿಯ ಬಿಸಿ ಒಂದು ಕಾರಣ. ಮೆಥನಾಲ್ ಆವಿ ಪ್ಲಾಟಿನಂ ತಾಗಿದಾಗ ನಡೆಯುವ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಬಿಸಿ ಇನ್ನೊಂದು. ಪೆಟ್ರೋಲಿಗೆ ಈ ಗುಣ ಇಲ್ಲ. ಅದಕ್ಕೇ ಇದಕ್ಕೆ ಪೆಟ್ರೋಲ್ ಹಾಕಿದರೆ ಇಂಜಿನ್ ನಡೆಯುವುದಿಲ್ಲ.

ಪ್ಲಗ್ ಕೊಳ್ಳುವಾಗ ಎರಡು ವಿಷಯ ನೋಡಿ. ಆಕಾರ: ತಾಮ್ರದ ವಾಷರ್ ಜೊತೆ ಬರುವುದು ಸ್ಟ್ಯಾಂಡರ್ಡ್, ತುದಿ ಓರೆಯಾಗಿ ವಾಷರ್ ಇಲ್ಲದ್ದು ಟರ್ಬೋ. ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. ಬಿಸಿ: ಹಾಟ್, ಮೀಡಿಯಂ, ಕೋಲ್ಡ್. ಚಿಕ್ಕ ಇಂಜಿನ್ನಿಗೆ, ಕಡಿಮೆ ನೈಟ್ರೋ ಇಂಧನಕ್ಕೆ ಹಾಟ್ ಅಥವಾ ಮೀಡಿಯಂ ಹೊಂದುತ್ತದೆ.

ಓಡಿಸಿದ ಮೇಲೆ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸುರುಳಿ ಹೊಳೆಯುತ್ತಾ ಒದ್ದೆಯಾಗಿದ್ದರೆ ರಿಚ್. ಬೂದು ಬಣ್ಣಕ್ಕೆ ತಿರುಗಿ ಮಂಕಾಗಿದ್ದರೆ ಲೀನ್ ಕಡೆಗಿದೆ. ಸುರುಳಿ ನಜ್ಜುಗುಜ್ಜಾಗಿದ್ದರೆ ಅಥವಾ ತುಂಡಾಗಿದ್ದರೆ ಅವತ್ತಿಗೆ ಓಟ ನಿಲ್ಲಿಸಿ ಕಾರಣ ಹುಡುಕಿ. ತುಂಡು ಒಳಗೆ ಬಿದ್ದಿದ್ದರೆ ಸ್ಲೀವನ್ನು ಗೀರುತ್ತದೆ.

ಎಕ್ಸಾಸ್ಟ್

ಇಂಜಿನ್ನಿಗೆ ಸೇರುವ ಬಾಗಿದ ಕೊಳವೆ ಮ್ಯಾನಿಫೋಲ್ಡ್, ಅದರ ಮುಂದಿನ ಹೊಟ್ಟೆಯುಬ್ಬಿದ ಭಾಗ ಟ್ಯೂನ್ಡ್ ಪೈಪ್. ಎಕ್ಸಾಸ್ಟಿನ ಅಲೆ ಅದರ ತುದಿಗೆ ಬಡಿದು ವಾಪಸ್ ಬಂದು, ಹೊರಗೆ ಜಾರಿದ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಇಂಜಿನ್ ನಿಲ್ಲಿಸಬೇಕಾದರೆ ದಪ್ಪ ಬಟ್ಟೆಯಲ್ಲಿ ಈ ಪೈಪಿನ ಬಾಯಿ ಮುಚ್ಚಿದರೆ ಸಾಕು.

ಈಗ ಟ್ಯೂನಿಂಗ್, ಒಂದೊಂದೇ ಹೆಜ್ಜೆ

1. ರಿಮೋಟ್ ಆನ್ ಮಾಡಿ, ಆಮೇಲೆ ಕಾರು. ಥ್ರಾಟಲ್ ರಿಟರ್ನ್ ಸ್ಪ್ರಿಂಗ್ ಇದೆಯಾ, ಫೇಲ್-ಸೇಫ್ (ಸಿಗ್ನಲ್ ತಪ್ಪಿದರೆ ಥ್ರಾಟಲ್ ಮುಚ್ಚುವ ವ್ಯವಸ್ಥೆ) ಕೆಲಸ ಮಾಡುತ್ತಾ ನೋಡಿ. ಸಿಗ್ನಲ್ ತಪ್ಪಿದ ಕಾರು ಜನರ ಮೇಲೆ ಹೋಗಬಾರದು, ಅಲ್ವಾ?

2. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ನಿಧಾನಕ್ಕೆ ಓಡಿಸಿ ಬಿಸಿ ಮಾಡಿ. ತಣ್ಣನೆಯ ಇಂಜಿನ್ನನ್ನು ಟ್ಯೂನ್ ಮಾಡಬೇಡಿ.

3. ಮೊದಲು ಹೈ ಸ್ಪೀಡ್ ನೀಡಲ್. ಉದ್ದಕ್ಕೆ ಪೂರ್ತಿ ಥ್ರಾಟಲಿನಲ್ಲಿ ಓಡಿಸಿ. ದಪ್ಪ ಹೊಗೆ, ಗೊರಗೊರ ಸದ್ದು, ವೇಗ ಏರುತ್ತಿಲ್ಲ ಅಂದರೆ ರಿಚ್. ಎಂಟನೇ ಒಂದು ಸುತ್ತು ಒಳಗೆ. ಹೊಗೆಯೇ ಇಲ್ಲ, ಕೀರಲು ಸದ್ದು, ಪೂರ್ತಿ ವೇಗದಲ್ಲಿ ದಿಢೀರ್ ಆಫ್ ಆಗುತ್ತದೆ ಅಂದರೆ ಲೀನ್. ತಕ್ಷಣ ಹೊರಗೆ ತಿರುಗಿಸಿ. ಸರಿಯಿದ್ದಾಗ ವೇಗ ಚುರುಕಾಗಿದ್ದು, ಹಿಂದೆ ತೆಳು ನೀಲಿ ಹೊಗೆ ಕಾಣುತ್ತಿರಬೇಕು.

4. ಆಮೇಲೆ ಲೋ ಸ್ಪೀಡ್ ನೀಡಲ್. ಐಡಲಿನಲ್ಲಿ ಬಿಟ್ಟು, ಕಾರ್ಬ್ಯುರೇಟರಿನ ಹತ್ತಿರ ಫ್ಯೂಯಲ್ ಲೈನನ್ನು ಬೆರಳಲ್ಲಿ ಚಿವುಟಿ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಸದ್ದು ಸ್ವಲ್ಪ ಏರಿ ಆಫ್ ಆದರೆ ಸರಿಯಿದೆ. ಹಿಡಿದ ಕೂಡಲೇ ಆಫ್ ಆದರೆ ಲೀನ್. ಐದು ಸೆಕೆಂಡ್ ದಾಟಿ ಓಡುತ್ತಲೇ ಇದ್ದರೆ ರಿಚ್.

5. ಕೊನೆಗೆ ಐಡಲ್ ಸ್ಕ್ರೂ. ಆಫ್ ಆಗಬಾರದು, ಕಾರು ತೆವಳಲೂ ಬಾರದು. ಒಮ್ಮೆ ಮತ್ತೆ 3ನೇ ಹೆಜ್ಜೆ ನೋಡಿ.

ಇನ್ಫ್ರಾರೆಡ್ ಥರ್ಮಾಮೀಟರ್ ಒಂದು ಇರಲಿ, ಬೆಂಗಳೂರಿನವರು ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಹುಡುಕಿ. ಗ್ಲೋ ಪ್ಲಗ್ ಪಕ್ಕಕ್ಕೆ ಹಿಡಿದು ಅಳೆಯಿರಿ. 95ರಿಂದ 115 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ. 120 ದಾಟಿದರೆ ರಿಚ್ ಮಾಡಿ. ಆದರೆ ಬರೀ ಡಿಗ್ರಿ ನೋಡಿ ಟ್ಯೂನ್ ಮಾಡಬೇಡಿ. ಹೊಗೆ, ಸದ್ದು, ಆಮೇಲೆ ಡಿಗ್ರಿ.

ಲೀನ್ ಅಂದರೆ ಯಾಕಿಷ್ಟು ಭಯ? ಎಣ್ಣೆ ಇಂಧನದ ಜೊತೆಗೇ ಬರುತ್ತದೆ ಅಂದೆನಲ್ಲ. ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಮೆಥನಾಲ್ ಆವಿಯಾಗುತ್ತಾ ಒಳಗಿನ ಬಿಸಿಯನ್ನೂ ಹೀರುತ್ತದೆ, ಆ ತಂಪೂ ಕಡಿಮೆ. ಎರಡೂ ಒಟ್ಟಿಗೆ ಕೈಕೊಡುತ್ತವೆ. ಅದಕ್ಕೇ ನನ್ನ ಲೆಕ್ಕದಲ್ಲಿ ಸ್ವಲ್ಪ ರಿಚ್ ಇರುವ ಇಂಜಿನ್ನೇ ಒಳ್ಳೆಯ ಇಂಜಿನ್. ಎರಡು ಮೀಟರ್ ಹಿಂದೆ ಬಿದ್ದರೂ ಪರವಾಗಿಲ್ಲ.

ಬೆಂಗಳೂರಿನ ಗಾಳಿಯ ಲೆಕ್ಕ ಬೇರೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10 ಕಡಿಮೆ. ಗಾಳಿ ತೆಳುವಾದರೆ ಇಂಧನವೂ ಕಡಿಮೆ ಸಾಕು. ಹಾಗಾಗಿ ಸಮುದ್ರಮಟ್ಟದ ಊರಿನಲ್ಲಿ ಸರಿಯಿದ್ದ ಸೆಟ್ಟಿಂಗ್ ಇಲ್ಲಿ ರಿಚ್ ಆಗುತ್ತದೆ, ಸ್ವಲ್ಪ ಒಳಗೆ ತಿರುಗಿಸಬೇಕು. ಶಕ್ತಿಯೂ ಒಂದಿಷ್ಟು ಕಡಿಮೆ ಸಿಗುತ್ತದೆ, ಅದು ಇಂಜಿನ್ನಿನ ತಪ್ಪಲ್ಲ.

ಅಪಾಯ ಇರುವುದು ಇದರ ಉಲ್ಟಾ ಪ್ರಯಾಣದಲ್ಲಿ. ಬೆಂಗಳೂರಿನಲ್ಲಿ ಚೆನ್ನಾಗಿ ಟ್ಯೂನ್ ಮಾಡಿದ ಕಾರನ್ನು ರಜೆಗೆ ಮಂಗಳೂರಿಗೆ ಒಯ್ದು ಹಾಗೇ ಓಡಿಸಿದರೆ ಅದು ಅಲ್ಲಿ ಲೀನ್. ಘಟ್ಟ ಇಳಿದ ಮೇಲೆ ಹೈ ಸ್ಪೀಡ್ ನೀಡಲನ್ನು ಎಂಟನೇ ಒಂದು ಸುತ್ತಾದರೂ ಹೊರಗೆ ತಿರುಗಿಸಿಯೇ ಮೊದಲ ಓಟ ಶುರು ಮಾಡಿ.

ನಮ್ಮೂರಲ್ಲೇ ಆದರೂ ಹವೆ ಬದಲಾಗುತ್ತದೆ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿಯಲ್ಲಿ ಮಾಡಿದ ಸೆಟ್ಟಿಂಗ್ ಜನವರಿ ಬೆಳಗಿನ 16 ಡಿಗ್ರಿಗೆ ಲೀನ್ ಆಗುತ್ತದೆ. ತಂಪು ಗಾಳಿ ದಟ್ಟ, ಅದಕ್ಕೆ ಇಂಧನ ಜಾಸ್ತಿ ಬೇಕು.

ಸ್ಟಾರ್ಟ್ ಆಗುತ್ತಿಲ್ಲ ಅಂದರೆ

ಪ್ಲಗ್ ಬಿಚ್ಚಿ ಇಗ್ನೈಟರಿಗೆ ಸಿಕ್ಕಿಸಿ, ಸುರುಳಿ ಕಿತ್ತಳೆ ಬಣ್ಣಕ್ಕೆ ಉರಿಯುತ್ತಾ ನೋಡಿ. ಇಗ್ನೈಟರ್ ಚಾರ್ಜ್ ಇಲ್ಲದಿರುವುದೇ ಬಹಳ ಸಲದ ಕಾರಣ. ಉರಿಯುತ್ತಿದ್ದರೆ ಇಂಧನ ಲೈನಿನಲ್ಲಿ ಬಂದಿದೆಯಾ ನೋಡಿ.

ದಾರ ಎಳೆದರೆ ಗಟ್ಟಿಯಾಗಿ ಹಿಡಿದುಕೊಂಡಿದೆಯಾ? ಒಳಗೆ ಇಂಧನ ತುಂಬಿರಬಹುದು. ಇದನ್ನು ಹೈಡ್ರೋಲಾಕ್ ಅನ್ನುತ್ತಾರೆ. ಬಲ ಹಾಕಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು, ಕಾರನ್ನು ತಲೆಕೆಳಗು ಮಾಡಿ, ಮುಖ ದೂರ ಇಟ್ಟು ದಾರ ಎಳೆಯಿರಿ. ತುಂಬಿದ ಇಂಧನ ಚಿಮ್ಮಿ ಹೋಗುತ್ತದೆ.

ಥ್ರಾಟಲ್ ಬಿಟ್ಟ ಮೇಲೂ ಸುತ್ತು ಇಳಿಯದೆ ಸದ್ದು ಹಾಗೇ ನಿಂತರೆ, ಒಂದೋ ಲೋ ಸ್ಪೀಡ್ ಲೀನ್, ಇಲ್ಲವೇ ಎಲ್ಲೋ ಗಾಳಿ ಸೋರುತ್ತಿದೆ. ಕಾರ್ಬ್ಯುರೇಟರಿನ ಬುಡದ ಓ-ರಿಂಗ್, ಬ್ಯಾಕ್ ಪ್ಲೇಟ್, ಫ್ಯೂಯಲ್ ಲೈನಿನ ಸೂಜಿತೂತು, ಈ ಮೂರನ್ನು ಮೊದಲು ನೋಡಿ. ಟ್ಯಾಂಕ್ ಸೋರುತ್ತಿದೆಯಾ ಅಂತ ತಿಳಿಯಲು ಅದನ್ನು ಬಿಚ್ಚಿ ಚೆನ್ನಾಗಿ ತೊಳೆದು, ಒಂದು ತೂತು ಮುಚ್ಚಿ ನೀರಲ್ಲಿ ಮುಳುಗಿಸಿ. ಇನ್ನೊಂದು ತೂತಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಡಿ. ಗುಳ್ಳೆ ಬಂದಲ್ಲಿ ಸೋರಿಕೆ. ಪೂರ್ತಿ ಒಣಗಿದ ಮೇಲೆಯೇ ವಾಪಸ್ ಕೂರಿಸಿ.

ಎತ್ತಿಡುವ ಮುನ್ನ

ಟ್ಯಾಂಕಿನಲ್ಲಿ ಉಳಿದ ಇಂಧನ ಹೊರತೆಗೆಯಿರಿ. ಇಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ಆಫ್ ಆಗುವ ತನಕ ಓಡಿಸಿ ಲೈನ್ ಖಾಲಿ ಮಾಡಿ. ತೇವ ಹೀರಿದ ಇಂಧನ ಒಳಗೆ ಉಳಿದರೆ ಬೇರಿಂಗ್‌ಗಳಿಗೆ ತುಕ್ಕು ಹಿಡಿಯುತ್ತದೆ. ಪ್ಲಗ್ ತೆಗೆದು ಆಫ್ಟರ್-ರನ್ ಆಯಿಲ್ (ಓಟ ಮುಗಿದ ಮೇಲೆ ತುಕ್ಕು ತಡೆಯಲು ಹಾಕುವ ಎಣ್ಣೆ) ನಾಲ್ಕೈದು ಹನಿ ಮೇಲಿಂದ, ನಾಲ್ಕೈದು ಹನಿ ಕಾರ್ಬ್ಯುರೇಟರಿನಿಂದ ಬಿಟ್ಟು, ಕೆಲವು ಸಲ ದಾರ ಎಳೆದು ಎಲ್ಲ ಕಡೆ ಹರಡಿಸಿ. ಪ್ಲಗ್ ವಾಪಸ್ ಹಾಕಿ. ಫ್ಲೈವೀಲ್ ತಿರುಗಿಸಿ ಪಿಸ್ಟನ್ ಕೆಳಗೆ ತನ್ನಿ. ಆ ಸ್ಥಾನದಲ್ಲಿ ಫ್ಲೈವೀಲಿನ ಕೆಳಬದಿಗೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಟ್ಟುಕೊಳ್ಳಿ. ಮುಂದಿನ ಸಲದಿಂದ ಪ್ಲಗ್ ಬಿಚ್ಚದೆ, ಚುಕ್ಕೆ ನೋಡಿಯೇ ಪಿಸ್ಟನ್ ಎಲ್ಲಿದೆ ಅಂತ ಹೇಳಬಹುದು.